ಮರಳಿನ ಲೆಕ್ಕವನ್ನೋದಿದ ರಾಬರ್ಟ್ ಬ್ರೂಸ್ ಫುಟ್ ಸಾಹೇಬರು

ರಾಜ್ಯಗಳನ್ನು ಗೆದ್ದವರ ಚರಿತ್ರೆಗಳು ಲೋಕದಲ್ಲಿ ಬೇಕಾದಷ್ಟಿವೆ. ಧರ್ಮವನ್ನು ಬೋಧಿಸಿದವರ, ಕಾವ್ಯಗಳನ್ನು ಬರೆದವರ ಚರಿತ್ರೆಗಳೂ ಉಂಟು. ಆದರೆ ಕಾಲ ಕೆಳಗಿನ ನೆಲವನ್ನೇ ಒಂದು ಗ್ರಂಥವೆಂದು ಬಗೆದು, ಅದರ ಪುಟಗಳನ್ನು ಒಂದೊಂದಾಗಿ ತಿರುವಿ ಓದಿದವರ ಚರಿತ್ರೆಯು ನಮ್ಮ ಮಕ್ಕಳಿಗೆ ದೊರೆಯುವುದು ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ರಾಬರ್ಟ್ ಬ್ರೂಸ್ ಫುಟ್ ಸಾಹೇಬರ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಇವರನ್ನು ಕೊಂಡಾಡುವರು. ಆ ಕೀರ್ತಿಯು ಸಲ್ಲತಕ್ಕದ್ದೇ. ಆದರೆ ಕಾಗಿಣೆಯ ದಡದ ದಂಡೋತಿ, ಸೇಡಂ, ಚಿತ್ತಾಪುರ, ಶಹಾಬಾದಗಳ ಜನರಾದ ನಮಗೆ ಅವರು ಇನ್ನೊಂದು ಕಾರಣದಿಂದಲೂ ಸ್ಮರಣೀಯರು. ನಮ್ಮ ಹೊಳೆಯ ನೀರು ಹಾಯುವ ಕಲ್ಲಿನ ಶ್ರೇಣಿಯನ್ನೂ, ಆ ನೀರು ಕಡೆಗೆ ಸೇರುವ ಸಮುದ್ರತೀರವನ್ನೂ ಎರಡನ್ನೂ ಪರೀಕ್ಷಿಸಿ ಗ್ರಂಥರೂಪವಾಗಿ ಬರೆದಿಟ್ಟವರು ಅವರು.

ಫುಟ್ ಸಾಹೇಬರು 1834ನೆಯ ಇಸವಿ ಸಪ್ಟಂಬರ 22ರಂದು ಇಂಗ್ಲೆಂಡಿನ ಚೆಲ್ಟೆನ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಜನಿಸಿದರು. 1858ನೆಯ ಇಸವಿಯ ಕೊನೆಯಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಭಾರತದ ಭೂಗರ್ಭ ಸರ್ವೇ ಇಲಾಖೆಯ ನೌಕರಿಗೆ ಸೇರಿ ಮದ್ರಾಸ್ ಪ್ರಾಂತಕ್ಕೆ ನಿಯಮಿತರಾದರು. ಆಗ ಆ ಇಲಾಖೆಯ ಮುಖ್ಯಸ್ಥರು ಥಾಮಸ್ ಓಲ್ಡ್‌ಹ್ಯಾಮ್ ಎಂಬವರು. ದಕ್ಷಿಣ ದೇಶದಲ್ಲಿ ಆಗಿನ್ನೂ ರೈಲುಮಾರ್ಗಗಳು ವಿರಳವಾಗಿದ್ದವು. ಸರ್ವೇಯ ಅಧಿಕಾರಿಯು ಮಳೆಗಾಲ ಕಳೆದೊಡನೆ ಡೇರೆಯನ್ನು ಹೊತ್ತು ಹೊರಟು, ಕುದುರೆಯ ಮೇಲೆಯೂ ಕಾಲ್ನಡೆಯಲ್ಲಿಯೂ ಊರೂರು ತಿರುಗಿ, ಹಳ್ಳದ ದಂಡೆಗಳನ್ನೂ ಬಾವಿಯ ಗೋಡೆಗಳನ್ನೂ ಗುಡ್ಡದ ಇಳಿಜಾರುಗಳನ್ನೂ ನೋಡಿ ನಕ್ಷೆಯಲ್ಲಿ ಬಣ್ಣ ತುಂಬಬೇಕಾಗಿತ್ತು. ಈ ಕೆಲಸದಲ್ಲಿ ಅವರು ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದರು.

ಅವರ ಮೊದಲನೆಯ ಮಡದಿಯು ಪೀಟರ್ ಪರ್ಸಿವಲ್ ಎಂಬ ಪಾದ್ರಿಯವರ ಮಗಳು. ಪರ್ಸಿವಲ್ಲರು ಸಿಂಹಳದ್ವೀಪದ ಯಾಳ್ಪಾಣದಲ್ಲಿ ಮಿಶನ್ ಶಾಲೆಗಳನ್ನು ಬೆಳೆಸಿದವರು. ಹೆಣ್ಣುಮಕ್ಕಳ ಶಾಲೆಯೂ ಅವುಗಳಲ್ಲಿ ಒಂದು. ಅವರು ತಮಿಳಿನಲ್ಲಿ ಪಂಡಿತರಾಗಿ ಆ ಭಾಷೆಯ ಗಾದೆಗಳನ್ನು ಸಂಗ್ರಹಿಸಿದರು, ಬೈಬಲಿನ ಭಾಷಾಂತರದಲ್ಲಿಯೂ ದುಡಿದರು, ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಹೀಗೆ ಅಳಿಯನು ಕಲ್ಲುಗಳನ್ನೂ ಮಾವನು ಮಾತುಗಳನ್ನೂ ಕೂಡಿಸುವ ಒಂದು ಮನೆತನವು ಏರ್ಪಟ್ಟಿತು.

1863ನೆಯ ಇಸವಿ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರದಲ್ಲಿ, ಕೆಂಪು ಗರಸಿನ ಒಂದು ಗುಂಡಿಯಿಂದ, ಫುಟ್ ಸಾಹೇಬರು ಕೆತ್ತಿದ ಒಂದು ಕಲ್ಲನ್ನು ಎತ್ತಿಕೊಂಡರು. ಅದು ಮನುಷ್ಯನ ಕೈ ತಗಲಿದ ಶಿಲಾಯುಧವೆಂಬುದನ್ನು ಅವರು ಗುರುತಿಸಿದರು. ಅದೇ ವರ್ಷ ವಿಲಿಯಂ ಕಿಂಗ್ ಎಂಬ ಸಹೋದ್ಯೋಗಿಯೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇಂಥ ಆಯುಧಗಳ ದೊಡ್ಡ ನೆಲೆಯನ್ನೇ ಕಂಡರು. ಲಕ್ಷಾಂತರ ವರ್ಷಗಳ ಹಿಂದೆ ಈ ದೇಶದಲ್ಲಿ ಮನುಷ್ಯರು ಬಾಳಿದ್ದರೆಂಬ ಜ್ಞಾನಕ್ಕೆ ಅಂದು ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ಅವರು ಬಳ್ಳಾರಿಯ ಕುಪ್ಪಗಲ್ಲು ಮೊದಲ್ಗೊಂಡು ಕನ್ನಡ ಸೀಮೆಯ ಅನೇಕ ಕಡೆಗಳಲ್ಲಿ ನುಣುಪಾದ ಕಲ್ಗೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ಸಂಗ್ರಹಿಸಿದರು. ಚಿನ್ನವುಳ್ಳ ಕಲ್ಲಿನ ಪಟ್ಟಿಗಳಿಗೆ ಧಾರವಾಡ ಶ್ರೇಣಿಯೆಂಬ ಹೆಸರನ್ನಿಟ್ಟವರೂ ಇವರೇ. ಆ ಹೆಸರು ಇಂದಿಗೂ ಲೋಕದ ಭೂಗರ್ಭಶಾಸ್ತ್ರ ಗ್ರಂಥಗಳಲ್ಲಿ ನಿಂತಿದೆ.

ಇನ್ನು ನಮ್ಮ ಸೀಮೆಗೆ ಸಂಬಂಧಿಸಿದ ವಿಷಯಕ್ಕೆ ಬರುವೆವು. ದಕ್ಷಿಣ ಮರಾಠಾ ಸೀಮೆ ಮತ್ತು ಅದರ ನೆರೆಯ ಜಿಲ್ಲೆಗಳ ಭೂಗರ್ಭವನ್ನು ಕುರಿತು ಫುಟ್ ಸಾಹೇಬರು ಬರೆದ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಲಾದಗಿ ಶ್ರೇಣಿಯನ್ನೂ ಭೀಮಾ ಶ್ರೇಣಿಯನ್ನೂ ಅವರು ವರ್ಣಿಸಿರುವರು. ನಮ್ಮ ಮನೆಗಳ ಅಂಗಳಕ್ಕೆ ಹಾಸಿದ ಶಹಾಬಾದಿ ಫರಸಿಯು ಈ ಭೀಮಾ ಶ್ರೇಣಿಯ ಸುಣ್ಣಕಲ್ಲೇ. ವಾಡಿ ಮತ್ತು ಸೇಡಮ್ಮಿನ ಸಿಮೆಂಟಿನ ಕಾರ್ಖಾನೆಗಳು ಅರೆಯುವುದೂ ಇದನ್ನೇ. ಈ ಕಲ್ಲು ಐವತ್ತು ಕೋಟಿ ವರ್ಷಗಳಿಗಿಂತ ಹಳೆಯದಾದ ಒಂದು ಸಮುದ್ರದ ತಳದಲ್ಲಿ ಕೆಸರಾಗಿ ಕುಳಿತು ಗಟ್ಟಿಯಾದುದು. ಇದರ ಅಡಿಯಲ್ಲಿ, ಮೂಲದ ಗ್ರಾನೈಟ್ ಬಂಡೆಯ ಮೇಲೆ, ಗುಂಡುಕಲ್ಲು ಮತ್ತು ಮರಳುಗಲ್ಲುಗಳ ತೆಳ್ಳನೆಯ ಪದರವುಂಟು. ಅದು ಆ ಪುರಾತನ ಸಮುದ್ರವು ನೆಲದ ಮೇಲೆ ಏರಿ ಬಂದಾಗ ಅದರ ಅಂಚಿನಲ್ಲಿ ಶೇಖರವಾದ ಉಸುಕು. ಸಮುದ್ರವನ್ನು ಕಣ್ಣಿನಿಂದ ಕಾಣದ ನಮ್ಮ ಊರುಗಳು ಒಂದು ಕಾಲದ ಕಡಲತೀರದ ಮೇಲೆಯೇ ನಿಂತಿವೆ.

ಕಲ್ಲಾದ ಉಸುಕಿನ ಮಾತು ಹೀಗಾಯಿತು. ಹರಿಯುವ ಉಸುಕಿನ ಮಾತು ಬೇರೆ. ತಾಂಡೂರಿನ ಕಡೆಯಿಂದ ಇಳಿದು ಬರುವ ಕಾಗಿಣೆಯು ಮಳಖೇಡದ ಕೋಟೆಯನ್ನೂ ದಂಡೋತಿಯನ್ನೂ ದಾಟಿ, ಶಹಾಬಾದಿನ ಆಚೆ ಭೀಮೆಯನ್ನು ಕೂಡುವುದು. ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುವುದು. ಕೃಷ್ಣೆಯು ಮಚಲೀಪಟ್ಟಣದ ದಕ್ಷಿಣದಲ್ಲಿ ಬಂಗಾಲ ಉಪಸಾಗರಕ್ಕೆ ಬೀಳುವುದು. ಶ್ರಾವಣ ಭಾದ್ರಪದಗಳ ಮಹಾಪೂರದಲ್ಲಿ ದಂಡೋತಿಯ ಸೇತುವೆಯು ಮುಳುಗುವಾಗ ಕೆಂಪಗೆ ಕಪ್ಪಗೆ ಕದಡಿ ಹೋಗುವ ನೀರು ಬರಿಯ ನೀರಲ್ಲ, ನೆಲವೇ ಕರಗಿ ಹೋಗುವ ಪ್ರವಾಹ. ನಮ್ಮ ಮೇಲಿನ ಸೀಮೆಯ ಕರಿಕಲ್ಲು ಸವೆದಾಗ ಹೆಚ್ಚಾಗಿ ಎರೆಮಣ್ಣಾಗುವುದು, ಉಸುಕಾಗುವುದು ಕಡಿಮೆ. ಭೀಮೆ ಕೃಷ್ಣೆಯರು ಗ್ರಾನೈಟ್ ಬಂಡೆಯ ಸೀಮೆಗೆ ಇಳಿದ ಮೇಲೆ ಬಿಳಿಯ ಗಟ್ಟಿ ಉಸುಕು ಹೆಚ್ಚುವುದು. ಎರೆಮಣ್ಣು ನೀರಿನಲ್ಲಿ ತೇಲಿ ಬೇಗನೆ ಸಮುದ್ರವನ್ನು ಮುಟ್ಟುವುದು. ಉಸುಕು ಮಾತ್ರ ಪೂರದಿಂದ ಪೂರಕ್ಕೆ ಸ್ವಲ್ಪ ಸ್ವಲ್ಪವೇ ಉರುಳಿ, ದಂಡೆಯಲ್ಲಿ ವರ್ಷಾನುವರ್ಷ ವಿಶ್ರಮಿಸಿ, ತಲೆಮಾರುಗಳೇ ಕಳೆದ ಮೇಲೆ ಕಡಲನ್ನು ಕಾಣುವುದು.

ಫುಟ್ ಸಾಹೇಬರು ಆ ಇನ್ನೊಂದು ತುದಿಯನ್ನೂ ನೋಡಿದರು. ಹದಿನೈದನೆಯ ಅಕ್ಷಾಂಶದಿಂದ ಉತ್ತರಕ್ಕೆ ಮಚಲೀಪಟ್ಟಣದವರೆಗಿನ ಪೂರ್ವ ಕರಾವಳಿಯ ರಚನೆಯನ್ನು ಕುರಿತ ಅವರ ಗ್ರಂಥವು 1870ರ ದಶಕದ ಅಂತ್ಯದಲ್ಲಿ ಹೊರಟಿತು. ಆ ಕರಾವಳಿಯು ಆಗ ದುಃಖದ ನೆಲವಾಗಿತ್ತು. 1864ನೆಯ ಇಸವಿಯ ನವಂಬರಿನಲ್ಲಿ ಚಂಡಮಾರುತವೊಂದು ಕಡಲನ್ನೇ ಎತ್ತಿ ಮಚಲೀಪಟ್ಟಣದ ಮೇಲೆ ಸುರಿದು, ಸುಮಾರು 30,000 ಜನರ ಪ್ರಾಣವನ್ನು ಕೊಂಡಿತ್ತು. ಇಂಥ ತಗ್ಗಾದ ಬಯಲಿನಲ್ಲಿ ಎತ್ತರದ ನೆಲವೆಂದರೆ ಉಸುಕಿನ ದಿಣ್ಣೆಗಳೇ. ಆ ದಿಣ್ಣೆಗಳು ಹೇಗೆ ಹುಟ್ಟುವುವು, ಹೇಗೆ ಬೆಳೆಯುವುವು, ಯಾವಾಗ ಅಳಿಯುವುವು ಎಂಬುದನ್ನು ತಿಳಿಯುವುದು ಕೇವಲ ವಿದ್ಯಾವಿನೋದವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ದಿಣ್ಣೆಯ ಹುಟ್ಟು ಹೀಗೆ. ನದಿಯು ತಂದು ಬಾಯಲ್ಲಿ ಸುರಿದ ಉಸುಕನ್ನು ಅಲೆಗಳು ತೀರದುದ್ದಕ್ಕೂ ಒಯ್ದು ಹರವುವುವು. ಇಳಿತದ ಸಮಯದಲ್ಲಿ ಬಯಲಾದ ಉಸುಕು ಬಿಸಿಲಿಗೆ ಒಣಗುವುದು. ಗಂಟೆಗೆ ಸುಮಾರು 20 ಕಿಲೋಮೀಟರು ವೇಗದ ಗಾಳಿಯು ಬೀಸಿತೆಂದರೆ, ಒಂದು ಮಿಲಿಮೀಟರಿನ ಕಾಲುಪಾಲಿನಷ್ಟು ಗಾತ್ರದ ಹರಳುಗಳು ನೆಲದಿಂದ ಪುಟಿದು, ಮುಂದೆ ಬಿದ್ದು, ಬಿದ್ದಲ್ಲಿ ಇನ್ನಷ್ಟು ಹರಳುಗಳನ್ನು ಪುಟಿಸುವುವು. ಗಾಳಿಯ ವೇಗವು ಇಮ್ಮಡಿಯಾದರೆ ಅದು ಒಯ್ಯುವ ಉಸುಕು ಎಂಟು ಮಡಿಯಾಗುವುದೆಂದು ರಾಲ್ಫ್ ಬ್ಯಾಗ್ನಾಲ್ಡ್ ಎಂಬ ವಿದ್ವಾಂಸರು 1941ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿಯಬಹುದು. ಹೀಗೆ ಓಡುವ ಉಸುಕಿಗೆ ಒಂದು ಬಳ್ಳಿ ಅಡ್ಡವಾದರೆ ಸಾಕು. ಕಡಲತಡಿಯ ಅಡುಂಬು ಬಳ್ಳಿ, ಮುಳ್ಳಿನ ಚೆಂಡಿನಂಥ ತೆನೆಯುಳ್ಳ ರಾವಣನ ಮೀಸೆಯೆಂಬ ಹುಲ್ಲು, ಇವುಗಳ ಬುಡದಲ್ಲಿ ಗಾಳಿಯು ತನ್ನ ಹೊರೆಯನ್ನು ಇಳಿಸುವುದು. ಬಳ್ಳಿಯು ಹೂತುಹೋಗದೆ ಮೇಲಕ್ಕೆ ಚಿಗುರುವುದು. ಉಸುಕು ಪುನಃ ಅದನ್ನು ಮುಚ್ಚುವುದು. ಈ ಪೈಪೋಟಿಯಿಂದಲೇ ದಿಣ್ಣೆಯು ಎತ್ತರವಾಗುವುದು.

ಆದರೆ ದಿಣ್ಣೆಯ ಆಕಾರವನ್ನು ನಿರ್ಣಯಿಸುವುದು ಗಾಳಿಯೊಂದೇ ಅಲ್ಲ, ಉಸುಕಿನ ಒದಗುವಿಕೆಯು ಅದಕ್ಕಿಂತ ಮುಖ್ಯ. ಸಂಸಾರದಲ್ಲಿ ಆದಾಯ ವೆಚ್ಚಗಳಂತೆಯೇ ತೀರಕ್ಕೂ ಒಂದು ಲೆಕ್ಕವುಂಟು. ನದಿಯು ಧಾರಾಳವಾಗಿ ತಂದು ಹಾಕುತ್ತಿದ್ದರೆ ತೀರವು ಕಡಲಿನೊಳಕ್ಕೆ ಮುಂದುವರಿಯುವುದು. ಒಂದು ದಿಣ್ಣೆಯು ಪೂರ್ಣ ಬೆಳೆಯುವ ಮೊದಲೇ ಅದರ ಮುಂದೆ ಮತ್ತೊಂದು ಹುಟ್ಟುವುದು. ಹೀಗೆ ತಗ್ಗಾದ ದಿಣ್ಣೆಗಳು ಸಾಲುಸಾಲಾಗಿ, ನೇಗಿಲ ಗೆರೆಗಳಂತೆ ಏರ್ಪಡುವುವು. ಆದಾಯ ವೆಚ್ಚಗಳು ಸರಿಸಮವಾಗಿದ್ದರೆ ತೀರವು ನಿಂತಲ್ಲಿಯೇ ನಿಲ್ಲುವುದು. ಬಂದ ಉಸುಕೆಲ್ಲ ಒಂದೇ ದಿಣ್ಣೆಗೆ ಸೇರಿ ಅದು ಎತ್ತರವಾಗುವುದು. ಆದಾಯವು ಕುಂದಿದರೆ ಅಲೆಗಳು ದಿಣ್ಣೆಯ ಪಾದವನ್ನು ಕಚ್ಚಿ ಗೋಡೆಯಂತೆ ಕಡಿದು ನಿಲ್ಲಿಸುವುವು. ಹಸುರು ಹರಿದ ಕಡೆಯಿಂದ ಗಾಳಿಯು ಒಳನುಗ್ಗಿ, ಹಳೆಯ ಉಸುಕನ್ನೇ ಕೆದರಿ, ಹೊಲಮನೆಗಳ ಮೇಲೆ ಸುರಿಯುವುದು. ಆದುದರಿಂದ ಹಿಂದೆ ಒಳನಾಡಿನ ನದಿಗಳು ಎಷ್ಟು ಕೊಟ್ಟವು, ಕಡಲು ಎಷ್ಟು ಕೊಂಡಿತು ಎಂಬುದನ್ನು ಬಲ್ಲವರು ದಿಣ್ಣೆಯ ಆಕಾರದಿಂದಲೇ ಓದಬಲ್ಲರು.

ಕೃಷ್ಣೆಯ ಮುಖಜಭೂಮಿಯು ಇಂಥ ಒಂದು ಲೆಕ್ಕದ ಪುಸ್ತಕ. ಸುಮಾರು ಆರು ಸಾವಿರ ವರ್ಷಗಳ ಹಿಂದೆ, ಕಡಲಿನ ಮಟ್ಟವು ಏರಿ ನಿಂತ ಮೇಲೆ, ನದಿಯು ತಂದ ಉಸುಕು ಒಂದರ ಮುಂದೊಂದರಂತೆ ದಿಣ್ಣೆಗಳನ್ನು ಕಟ್ಟುತ್ತ ಬಂದಿತು. ಆ ಹಳೆಯ ದಿಣ್ಣೆಗಳು ಇಂದು ಕಡಲಿನಿಂದ ಹಲವು ಹರದಾರಿ ಒಳಗೆ ಭತ್ತದ ಗದ್ದೆಗಳ ನಡುವೆ ಇವೆ. ಸುತ್ತಲೂ ನೀರು ನಿಲ್ಲುವ ಆ ಸೀಮೆಯಲ್ಲಿ ಜನರು ಊರುಗಳನ್ನು ಕಟ್ಟಿಕೊಂಡಿರುವುದು ಇಂಥ ಎತ್ತರದ ಮೇಲೆಯೇ. ನಮ್ಮ ಬೆಟ್ಟಗಳು ಸವೆದುದರಿಂದ ಅವರ ಊರುಗಳು ನಿಂತವೆಂದರೆ ಅತಿಶಯೋಕ್ತಿಯಲ್ಲ.

ಗಾಳಿಯು ಒಯ್ಯುವ ಉಸುಕೆಂದರೆ ಕನ್ನಡಿಗರಿಗೆ ತಲಕಾಡು ನೆನಪಾಗುವುದು ಸಹಜ. ಅಲ್ಲಿ ಗುಡಿಗಳನ್ನು ಮುಚ್ಚಿದುದು ಕಾವೇರಿಯ ಪಾತ್ರದ ಉಸುಕು. ಅಲಮೇಲಮ್ಮನ ಶಾಪದ ಕಥೆಯು ಎಲ್ಲರಿಗೂ ತಿಳಿದುದೇ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿಯು ಕಟ್ಟಿಸಿದ ಅಣೆಕಟ್ಟಿನಿಂದ ನದಿಯ ಪಾತ್ರದಲ್ಲಿ ಉಸುಕು ಬಯಲಾಗಿ ಗಾಳಿಗೆ ಸಿಕ್ಕಿತೆಂದು ಕೆಲವು ವಿದ್ವಾಂಸರು ಈಚೆಗೆ ವಿವರಿಸಿರುವರು. ನದೀತೀರದಲ್ಲಿಯೂ ಕಡಲತೀರದಲ್ಲಿಯೂ ನಿಯಮವು ಒಂದೇ: ಉಸುಕು ಒದಗುವ ಬಗೆಯು ಬದಲಾದರೆ ನೆಲದ ರೂಪವೂ ಬದಲಾಗುವುದು.

ಫುಟ್ ಸಾಹೇಬರು ಗಾಳಿಯ ಉಸುಕನ್ನು ಅತ್ಯಂತ ವಿಶೇಷವಾಗಿ ಕಂಡುದು ತಿರುನೆಲ್ವೇಲಿಯ ಕರಾವಳಿಯಲ್ಲಿ. ಮಧುರೆ ಮತ್ತು ತಿರುನೆಲ್ವೇಲಿ ಜಿಲ್ಲೆಗಳನ್ನು ಕುರಿತ ಅವರ ಗ್ರಂಥವು 1883ರಲ್ಲಿ ಪ್ರಕಟವಾಯಿತು. ಆ ತೀರದಲ್ಲಿ ಬಿಳಿಯ ದಿಣ್ಣೆಗಳ ಹಿಂದೆ ರಕ್ತವರ್ಣದ ಮರಳಗುಡ್ಡಗಳುಂಟು. ಅವುಗಳಿಗೆ ತಮಿಳರು ತೇರಿಯೆನ್ನುವರು. ನೈಋತ್ಯ ಮಾರುತವು ಪಶ್ಚಿಮ ಘಟ್ಟಗಳ ಕಣಿವೆಯನ್ನು ನುಸುಳಿ, ಮಳೆಯನ್ನು ಆಚೆಯೇ ಸುರಿಸಿ, ಒಣಗಾಳಿಯಾಗಿ ಈ ಬಯಲಿನ ಮೇಲೆ ಬೀಸುವುದು. ಪಶ್ಚಿಮದ ಕೆಂಪುಮಣ್ಣಿನ ಬಯಲುಗಳಿಂದ ಈ ಗಾಳಿಯು ಉಸುಕನ್ನು ತೂರಿ ತಂದು ತೀರದ ಬಳಿ ರಾಶಿ ಹಾಕಿತೆಂಬುದು ಫುಟ್ ಸಾಹೇಬರ ಅಭಿಪ್ರಾಯ. ಕಣದಲ್ಲಿ ರಾಶಿ ತೂರುವುದನ್ನು ಕಂಡ ನಮ್ಮ ತಾಯಂದಿರಿಗೆ ಈ ಕ್ರಿಯೆಯನ್ನು ವಿವರಿಸಬೇಕಾಗಿಲ್ಲ. ಹೊಟ್ಟು ದೂರ ಹಾರುವುದು, ಕಾಳು ಹತ್ತಿರ ಬೀಳುವುದು. ಗಾಳಿಯು ಧೂಳನ್ನು ಕಡಲಿಗೆ ಒಯ್ದು ಉಸುಕನ್ನು ತೀರದಲ್ಲಿ ಬಿಡುವುದು.

ಮುಂದಿನ ಶೋಧಕರು ಈ ಅಭಿಪ್ರಾಯಕ್ಕೆ ಬೇರೆ ಅಂಶಗಳನ್ನೂ ಕೂಡಿಸಿರುವರು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಕಾಲದಲ್ಲಿ, ಕಡಲಿನ ಮಟ್ಟವು ಇಂದಿಗಿಂತ ನೂರಿಪ್ಪತ್ತು ಮೀಟರಿನಷ್ಟು ತಗ್ಗಿತ್ತು. ಇಂದು ಮುಳುಗಿರುವ ತಳವು ಅಂದು ಬಯಲಾಗಿ, ಅದರ ಮೇಲಿನ ಉಸುಕೂ ಗಾಳಿಯ ಪಾಲಾಯಿತು. ಕಡಲು ಪುನಃ ಏರಿದಾಗ ಆ ಉಗ್ರಾಣವು ಮುಚ್ಚಿತು. ಒದಗುವಿಕೆಯು ನಿಂತ ಗುಡ್ಡಗಳು ಬಿಸಿಲು ಮಳೆಗಳಿಗೆ ಮೈಯೊಡ್ಡಿ, ಹರಳುಗಳಲ್ಲಿಯ ಕಬ್ಬಿಣವು ಕಿಲುಬುಗಟ್ಟಿ, ಕೆಂಪೇರಿದವು. ಹೀಗೆ ತೇರಿಯ ಕೆಂಪು ಬಣ್ಣವು ಬಹುಕಾಲದ ವಿಶ್ರಾಂತಿಯ ಗುರುತು. ಆದರೂ ಹಸುರು ಕಳೆದುಕೊಂಡ ಕಡೆ ಆ ಗುಡ್ಡಗಳು ಎದ್ದು ನಡೆದು ಹೊಲಗಳನ್ನು ನುಂಗಿದುದೂ ಉಂಟು. ಅಲ್ಲಿಯ ಜನರು ತಾಳೆಮರಗಳನ್ನು ಬೆಳೆಸಿ ಬದುಕಿದರು. ತೇರಿಗಳಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಅಲಗುಗಳು ದೊರೆಯುವುದನ್ನು ಫುಟ್ ಸಾಹೇಬರು ಸಾಯರ್‌ಪುರದ ಬಳಿ ಗಮನಿಸಿದ್ದರು. 1956ರಲ್ಲಿ ಝಾಯ್ನರ್ ಮತ್ತು ಆಲ್ಚಿನ್ ಎಂಬ ವಿದ್ವಾಂಸರು ಆ ನೆಲೆಗಳನ್ನು ವಿಸ್ತಾರವಾಗಿ ವರ್ಣಿಸಿದರು. ಮರಳಗುಡ್ಡಗಳ ನಡುವೆಯೇ ಬೇಟೆಯಾಡಿ ಮೀನು ಹಿಡಿದು ಬಾಳಿದ ಜನರ ಗುರುತುಗಳವು.

ಫುಟ್ ಸಾಹೇಬರು 1891ರಲ್ಲಿ ಸರಕಾರಿ ನೌಕರಿಯಿಂದ ನಿವೃತ್ತರಾದರು. ಆದರೆ ವಿಶ್ರಾಂತಿಯನ್ನು ಬಯಸಲಿಲ್ಲ. ಬಡೋದೆ ಸಂಸ್ಥಾನದ ಭೂಗರ್ಭವನ್ನು ಪರೀಕ್ಷಿಸಿ ಗ್ರಂಥವನ್ನು ಬರೆದರು. ಮೈಸೂರು ಸಂಸ್ಥಾನವು 1894ರಲ್ಲಿ ಭೂಗರ್ಭ ಇಲಾಖೆಯನ್ನು ಏರ್ಪಡಿಸಿದಾಗ ಅಲ್ಲಿಯೂ ಕೆಲಸ ಮಾಡಿದರು. ಸೇಲಮ್ಮಿನ ಮೇಲಿನ ಯೆರ್ಕಾಡು ಬೆಟ್ಟದಲ್ಲಿ ಮನೆ ಮಾಡಿ, ನಾಲ್ವತ್ತು ವರ್ಷಗಳ ಸಂಗ್ರಹವನ್ನು ಒಂದೊಂದಾಗಿ ಗುರುತಿಸಿ ಬರೆದಿಟ್ಟರು. 1904ರಲ್ಲಿ ಆ ಸಂಗ್ರಹವು ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ನೆಯ ಇಸವಿ ಡಿಸಂಬರಿನಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ಕಲ್ಕತ್ತೆಯಲ್ಲಿ ದೈವಾಧೀನರಾದರು. ಸಂಗ್ರಹದ ವಿವರಣಗ್ರಂಥಗಳು ಅವರು ತೀರಿಕೊಂಡ ಮೇಲೆ 1914 ಮತ್ತು 1916ರಲ್ಲಿ ಬೆಳಕು ಕಂಡವು.

ಅವರು ನೋಡಿದ ತೀರವು ಇಂದು ಹಾಗೆಯೇ ಉಳಿದಿಲ್ಲ. ಕೃಷ್ಣೆಗೆ ವಿಜಯವಾಡದಲ್ಲಿ ಪ್ರಕಾಶಂ ಅಣೆಯು 1957ರಲ್ಲಿ ಸಿದ್ಧವಾಯಿತು. ನಾಗಾರ್ಜುನಸಾಗರಕ್ಕೆ 1967ರಲ್ಲಿ ನೀರು ಬಿಟ್ಟರು. ಆಮೇಲೆ ಶ್ರೀಶೈಲವಾಯಿತು. ಭೀಮೆಗೆ ಮೇಲೆ ಉಜನಿ, ನಮ್ಮ ಚಿತ್ತಾಪುರ ತಾಲೂಕಿನ ಬಳಿಯ ಸನ್ನತಿ, ಕಾಗಿಣೆಯನ್ನು ಕೂಡುವ ಬೆಣ್ಣೆತೊರೆಗೆ ಹೇರೂರಿನ ಕಟ್ಟೆ, ಇವೆಲ್ಲ ಏರ್ಪಟ್ಟವು. ಇವುಗಳಿಂದ ಹೊಲಗಳಿಗೆ ನೀರೂ ಮನೆಗಳಿಗೆ ಬೆಳಕೂ ದೊರೆತುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರು ದಾಟುವ ಕಟ್ಟೆಯನ್ನು ಉಸುಕು ದಾಟುವುದಿಲ್ಲ. ಉಳಿದುದನ್ನು ಮನೆ ಕಟ್ಟುವವರಿಗಾಗಿ ಹೊಳೆಯ ಪಾತ್ರದಿಂದಲೇ ಅಗೆದು ಸಾಗಿಸುವರು. ಕೃಷ್ಣೆಯು ಕಡಲಿಗೆ ಕೊಡುವ ಮಣ್ಣು ಮರಳು ಹಿಂದಿಗಿಂತ ಬಹಳ ಇಳಿದುಹೋಗಿದೆ. ಸಾವಿರಾರು ವರ್ಷ ಮುಂದುವರಿದ ತೀರವು ಈಗ ಅನೇಕ ಕಡೆ ಹಿಮ್ಮೆಟ್ಟುತ್ತಿದೆ.

ಇದರಿಂದ ಯಾರಿಗೆ ಏನು ನಷ್ಟವೆಂದು ಕೇಳಬಹುದು. ನಮ್ಮ ಸೀಮೆಯಲ್ಲಿ ಹಿಂದಿನವರು ಸುಗ್ಗಿಯ ಜೋಳವನ್ನು ನೆಲದ ಹಗೇವಿನಲ್ಲಿ ತುಂಬಿ, ಬರಗಾಲ ಬಂದಾಗ ತೆಗೆದು ಉಂಡರು. ಮರಳದಿಣ್ಣೆಯು ತೀರದ ಹಗೇವು. ಶಾಂತವಾದ ದಿನಗಳಲ್ಲಿ ಅಲೆಯೂ ಗಾಳಿಯೂ ಅದನ್ನು ತುಂಬುವುವು. ಬಿರುಗಾಳಿಯ ದಿನ ಕಡಲು ಅದರಿಂದ ಉಸುಕನ್ನು ಸೆಳೆದುಕೊಂಡು ಎದುರಿನ ನೀರಿನಲ್ಲಿ ಹರವುವುದು. ಅಲ್ಲಿ ಅಲೆಗಳು ಮುರಿದು ಬಲ ಕಳೆದುಕೊಳ್ಳುವುವು. ಕಾಲಾಂತರದಲ್ಲಿ ಆ ಉಸುಕು ಪುನಃ ದಡಕ್ಕೆ ಮರಳುವುದು. ಹಗೇವು ಬರಿದಾದ ಮನೆಗೆ ಬರವು ಹೇಗೋ, ದಿಣ್ಣೆ ಕಳೆದುಕೊಂಡ ಊರಿಗೆ ಬಿರುಗಾಳಿಯು ಹಾಗೆ. 1977ನೆಯ ಇಸವಿ ನವಂಬರಿನಲ್ಲಿ ಕೃಷ್ಣೆಯ ಬಾಯಲ್ಲಿರುವ ದಿವಿಸೀಮೆಯ ಮೇಲೆ ಕಡಲು ಏರಿ ಬಂದು ಸಾವಿರಾರು ಜನರನ್ನು ಕೊಂಡೊಯ್ದಿತು. 2004ರ ಡಿಸಂಬರ 26ರ ಸುನಾಮಿಯ ತರುವಾಯ ತಮಿಳುನಾಡಿನ ತೀರವನ್ನು ಪರೀಕ್ಷಿಸಿದವರು, ಎತ್ತರವಾದ ದಿಣ್ಣೆಗಳು ಉಳಿದಿದ್ದ ಕಡೆ ಹಾನಿಯು ಕಡಿಮೆಯಾಗಿದ್ದುದನ್ನು ಕಂಡರು.

ಫುಟ್ ಸಾಹೇಬರ ಜೀವಿತದಿಂದ ನಾವು ಕಲಿಯತಕ್ಕ ಪಾಠವು ದೊಡ್ಡದು. ಅವರಿಗೆ ಶಹಾಬಾದದ ಕಲ್ಲು ಬೇರೆ, ಮಚಲೀಪಟ್ಟಣದ ಮರಳು ಬೇರೆ ಎಂಬ ಭೇದವಿರಲಿಲ್ಲ. ಎರಡೂ ಒಂದೇ ಗ್ರಂಥದ ಅಧ್ಯಾಯಗಳಾಗಿದ್ದವು. ನೋಡಿದುದನ್ನು ನೋಡಿದಂತೆ ಬರೆದರು. ಊಹಿಸಿದುದನ್ನು ಊಹೆಯೆಂದೇ ಬಿಟ್ಟು, ತಿದ್ದುವ ಅವಕಾಶವನ್ನು ಮುಂದಿನವರಿಗೆ ಉಳಿಸಿದರು. ನಮ್ಮ ಶಾಲೆಯಿಂದ ಹೊರಟು ಸಂಸಾರವನ್ನು ನಡೆಸುತ್ತಿರುವ ಸೋದರಿಯರೂ, ಮಕ್ಕಳನ್ನು ಇಲ್ಲಿಗೆ ಕಳಿಸುವ ತಾಯ್ತಂದೆಗಳೂ ಇದನ್ನು ಮನಸ್ಸಿನಲ್ಲಿಡಬೇಕು. ಮನೆ ಕಟ್ಟಿಸುವಾಗ ಕಾಗಿಣೆಯಿಂದ ತರಿಸುವ ಒಂದು ಗಾಡಿ ಉಸುಕು ಯಾರಿಗೂ ಸೇರದ ವಸ್ತುವೆಂದು ನಾವು ತಿಳಿಯುತ್ತೇವೆ. ನಾವು ಕಾಣದ ಊರಿನ, ನಾವು ಅರಿಯದ ಭಾಷೆಯ ಯಾವಳೋ ಒಬ್ಬ ತಾಯಿಯ ಮನೆಯ ಮುಂದಿನ ದಿಣ್ಣೆಗೆ ಅದು ಸೇರಬೇಕಾಗಿದ್ದಿತು. ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಹೊಳೆಗೆ ಅದರ ಕೆಲಸವನ್ನು ಮಾಡಗೊಡುವುದು ನೆರೆಯವರಲ್ಲಿ ನಾವು ತೋರಬೇಕಾದ ಪ್ರೀತಿಗೆ ಸೇರಿದುದು. ನಮ್ಮ ಹೆಣ್ಣುಮಕ್ಕಳಲ್ಲಿ ಯಾರಾದರೂ ಫುಟ್ ಸಾಹೇಬರಂತೆ ನೆಲವನ್ನು ಓದುವ ವಿದ್ಯೆಯನ್ನು ಕೈಗೊಂಡು, ಈ ಹೊಳೆಯನ್ನು ಮೂಲದಿಂದ ಮುಖದವರೆಗೆ ಅನುಸರಿಸಿ ಹೋಗಿ, ಅದರ ಇಂದಿನ ಲೆಕ್ಕವನ್ನು ಬರೆಯಲಿ ಎಂದು ಹಾರೈಸುವೆವು.